ಬಾಡಿಗೆ ಕಡಿಮೆ, ಔಷಧಿ ಖರ್ಚು ಜಾಸ್ತಿ: ವಿಜಯಪುರದ ತಗಡಿನ ಮನೆಗಳ ಲೆಕ್ಕ

ಸರ್ಕಾರದ ಲೆಕ್ಕದಲ್ಲಿ ತಗಡಿನ ಚಾವಣಿ ಪಕ್ಕಾ, ಮಣ್ಣಿನ ಮಾಳಿಗೆ ಕಚ್ಚಾ. 2011ರ ಜನಗಣತಿ ಮನೆಗಳನ್ನು ವಿಂಗಡಿಸಿದ್ದೇ ಹೀಗೆ. ತಗಡು, ಸಿಮೆಂಟ್ ಶೀಟು, ಕಲ್ಲು, ಕಾಂಕ್ರೀಟ್ ಒಂದು ಕಡೆ. ಹುಲ್ಲು, ಮಣ್ಣು, ಪ್ಲಾಸ್ಟಿಕ್ ಇನ್ನೊಂದು ಕಡೆ. ಅದೇ ವರ್ಷ ಶುರುವಾದ ಸಾಮಾಜಿಕ-ಆರ್ಥಿಕ ಗಣತಿಯೂ ತಗಡನ್ನು ಪಕ್ಕಾ ಸಾಲಿಗೇ ಸೇರಿಸಿತು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಹಳ್ಳಿ ಮನೆಗಳಿಗೆ ಫಲಾನುಭವಿಗಳನ್ನು ಮೊದಲು ಹುಡುಕಿದ್ದು ಆ ಗಣತಿಯ ಪಟ್ಟಿಯಿಂದ. ಚಾವಣಿ ಎಷ್ಟು ವರ್ಷ ಬಾಳುತ್ತದೆ ಎಂಬುದು ಈ ಅಳತೆಗೆ ಗೊತ್ತಾಗುತ್ತದೆ. ಅದರ ಕೆಳಗಿನ ಜನ ಹೇಗೆ ಬಾಳುತ್ತಾರೆ ಎಂಬುದು ಗೊತ್ತಾಗುವುದಿಲ್ಲ.

ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಇಂಥ ಊರಿನ ಹಿರಿಯರು ಮಾಳಿಗೆ ಮನೆ ಕಟ್ಟಿಕೊಂಡಿದ್ದು ಸುಮ್ನೆ ಅಲ್ಲ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ-ತಪ್ಪಲು, ಅದರ ಮೇಲೆ ಗೇಣಿಗಿಂತ ಜಾಸ್ತಿ ದಪ್ಪಕ್ಕೆ ಮಣ್ಣು. ಮಧ್ಯಾಹ್ನದ ಕಾವು ಆ ಮಣ್ಣನ್ನು ದಾಟಿ ಒಳಗೆ ಇಳಿಯಲು ಎಷ್ಟೋ ತಾಸು ಬೇಕು. ಅಷ್ಟರಲ್ಲಿ ಹೊತ್ತು ಮುಳುಗಿ, ಮಾಳಿಗೆ ಮೇಲಿನಿಂದಲೇ ಆರಲು ಶುರುವಾಗಿರುತ್ತದೆ. ಗೋಲಗುಮ್ಮಟದ ಗೋಡೆ ಸುಮಾರು 3 ಮೀಟರ್ ದಪ್ಪ. ಮಟಮಟ ಮಧ್ಯಾಹ್ನ ಒಳಗೆ ಕಾಲಿಟ್ಟವರು "ಏನು ತಂಪು!" ಅನ್ನುವುದಕ್ಕೂ ಕಾರಣ ಇದೇ. ಆದಿಲಶಾಹಿಗಳಿಗೆ ಸಿಕ್ಕ ತಂಪು ಬಡವರಿಗೂ ಮಣ್ಣಿನಲ್ಲಿ ಒಂದಿಷ್ಟು ಸಿಗುತ್ತಿತ್ತು.

ತಗಡಿಗೆ ಈ ತಡೆ ಇಲ್ಲ. ಅರ್ಧ ಮಿಲಿಮೀಟರ್ ದಪ್ಪದ ಹಾಳೆ ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ. ನೇರ ಬಿಸಿಲಿಗೆ ಲೋಹದ ಮೈ 60 ಡಿಗ್ರಿ ದಾಟುವುದು ಮಾಮೂಲು. ಆಮೇಲೆ ಅದು ಕೆಳಗಿರುವ ಎಲ್ಲದರ ಮೇಲೂ ಕಾವು ಸುರಿಯುತ್ತದೆ: ಹಾಸಿಗೆ, ನೀರಿನ ಕೊಡ, ಮಲಗಿದ ಕೂಸಿನ ನೆತ್ತಿ. ಫ್ಯಾನ್ ಹಾಕಿದರೆ ಆ ಬಿಸಿ ಗಾಳಿಯೇ ತಿರುಗುತ್ತದೆ. ಗಾಳಿ 40 ಡಿಗ್ರಿ ಮುಟ್ಟಿದ ಮೇಲೆ ಫ್ಯಾನ್ ಮೈಯನ್ನು ತಂಪು ಮಾಡುವ ಬದಲು ಇನ್ನಷ್ಟು ಕಾಯಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸುತ್ತದೆ.

ಹಾಗಾದರೆ ಸ್ಲ್ಯಾಬ್ ಮನೆ ಒಳ್ಳೆಯದಾ? ಹಗಲು ತಗಡಿಗಿಂತ ವಾಸಿ. ರಾತ್ರಿಯದು ಬೇರೆ ಕಥೆ. ನಾಲ್ಕೈದು ಇಂಚಿನ ಕಾಂಕ್ರೀಟ್ ಹಗಲೆಲ್ಲ ಕಾವು ಕುಡಿದು, ಕತ್ತಲಾದ ಮೇಲೆ ಅದನ್ನು ಒಳಗೆ ಬಿಡುತ್ತದೆ. ಹೊರಗೆ ಗಾಳಿ ತಣ್ಣಗಾದರೂ ಒಳಗೆ ನಡುರಾತ್ರಿಯವರೆಗೆ ಸೆಕೆ. ಮೇಲಂತಸ್ತಿನ ಕೋಣೆಗೆ ಬಾಡಿಗೆ ಕಡಿಮೆ ಇರುವುದು ಮೆಟ್ಟಿಲಿನ ಕಾರಣಕ್ಕೆ ಮಾತ್ರ ಅಲ್ಲ. ತಗಡು ರಾತ್ರಿ ಬೇಗ ಆರುತ್ತದೆ ನಿಜ. ಆದರೆ ಅಕ್ಕಪಕ್ಕದ ಇಟ್ಟಿಗೆ ಗೋಡೆ ಆರುವುದಿಲ್ಲ, ಕಿಟಕಿ ತೆಗೆದು ಮಲಗುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಹಿಂದೆ ಊರಿಗೆ ಊರೇ ಮಾಳಿಗೆ ಮೇಲೆ, ಅಂಗಳದಲ್ಲಿ ಮಲಗುತ್ತಿತ್ತು. ತಗಡಿನ ಮೇಲೆ ಮಲಗಲು ಆಗುವುದಿಲ್ಲ, ಬಾಡಿಗೆ ಓಣಿಯಲ್ಲಿ ಅಂಗಳ ಇರುವುದಿಲ್ಲ.

ಹಗಲಿನ ಬಿಸಿಲಿಗಿಂತ ಈ ರಾತ್ರಿಯ ಸೆಕೆಯ ಬಗ್ಗೆ ನನಗೆ ಜಾಸ್ತಿ ಚಿಂತೆ. ಹಗಲು ದಣಿದ ಮೈ ಸುಧಾರಿಸಿಕೊಳ್ಳುವುದು ರಾತ್ರಿ ತಾನೇ? ಮೈ ತಣ್ಣಗಾಗದಿದ್ದರೆ ಹೃದಯ ಹಗಲಿನ ಕೆಲಸವನ್ನೇ ರಾತ್ರಿಯೂ ಮಾಡುತ್ತಿರುತ್ತದೆ. ನಿದ್ದೆಗೆಟ್ಟವರ ಬಿ.ಪಿ., ಶುಗರ್ ಹದ್ದುಬಸ್ತಿಗೆ ಬರುವುದು ಕಷ್ಟ. ಸೆಕೆ ಜಾಸ್ತಿಯಾದಾಗ ಅವಧಿಗೆ ಮುಂಚೆ ಹೆರಿಗೆಯಾಗುವ ಅಪಾಯ ಏರುತ್ತದೆ. ಬೆವರು ಹರಿದು ನೀರು ಸಾಕಾಗದಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು. ಇಲ್ಲಿ ಇನ್ನೊಂದು ಸಂಗತಿ ಇದೆ, ಗಂಡಸರಿಗೆ ಇದು ಹೊಳೆಯುವುದೇ ಇಲ್ಲ. ನಾಲ್ಕು ಮನೆಗೆ ಒಂದೇ ಶೌಚಾಲಯ ಇರುವ ಕಡೆ ಹೆಂಗಸರು ಬೇಕಂತಲೇ ನೀರು ಕಡಿಮೆ ಕುಡಿಯುತ್ತಾರೆ. 42 ಡಿಗ್ರಿಯಲ್ಲಿ!

ಇಷ್ಟಾಗಿಯೂ ಯಾವ ಕಾಗದದಲ್ಲೂ ಮನೆಯ ಹೆಸರು ಬರುವುದಿಲ್ಲ. ಸೆಕೆಯಿಂದ ಬಳಲಿ ಹೋದ ಮುದುಕರ ಸಾವು ಹೃದಯಾಘಾತ ಅಂತಲೋ, ವಯಸ್ಸಾಗಿತ್ತು ಅಂತಲೋ ದಾಖಲಾಗುತ್ತದೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಯ ನಂತರ ಹಿಂದಿನ ವರ್ಷಗಳ ಸಾವಿನ ಸಂಖ್ಯೆಯ ಜೊತೆ ತಾಳೆ ನೋಡಿದರು. ಒಂದೇ ತಿಂಗಳಲ್ಲಿ ಸುಮಾರು 1,300ಕ್ಕೂ ಹೆಚ್ಚು ಸಾವು ಹೆಚ್ಚುವರಿಯಾಗಿ ಕಂಡವು. ಹಾಗೆ ತಾಳೆ ನೋಡಿದ್ದರಿಂದಲೇ ಆ ಊರು 2013ರಲ್ಲಿ ಬಿಸಿಲಿಗೆ ಅಂತಲೇ ಒಂದು ಯೋಜನೆ ಮಾಡಿಕೊಂಡಿತು. ಆಮೇಲೆ ಬಡವರ ಮನೆ ಚಾವಣಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ಅದಕ್ಕೆ ಸೇರಿತು.

ವಿಜಯಪುರದ ಒಂದು ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಗಳೊಬ್ಬರ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಮೇಲೆ ತಗಡು. ಮೂಲೆಯಲ್ಲಿ ಗ್ಯಾಸ್ ಒಲೆ, ಅದರ ಪಕ್ಕದಲ್ಲೇ ಕಟ್ಟಿಗೆ ಒಲೆ. ಚಹಾ, ಪಲ್ಯ ಗ್ಯಾಸಿನ ಮೇಲೆ. ರೊಟ್ಟಿ ಮಾತ್ರ ಕಟ್ಟಿಗೆ ಮೇಲೆ. ಮಾರುವ ರೊಟ್ಟಿಯನ್ನೆಲ್ಲ ಗ್ಯಾಸಿನಲ್ಲಿ ಬೇಯಿಸಿದರೆ ಸಿಲಿಂಡರ್ ಹದಿನೈದು ದಿನವೂ ಬರುವುದಿಲ್ಲ, ಲಾಭವೆಲ್ಲ ಅಲ್ಲೇ ಉರಿದುಹೋಗುತ್ತದೆ. ಉರುವಲು ತೊಗರಿ ಕಟ್ಟಿಗೆ. ಈ ಜಿಲ್ಲೆಯಲ್ಲಿ ತೊಗರಿಗೇನು ಕೊರತೆ? ಅದು ಭರ್ರನೆ ಹತ್ತುತ್ತದೆ, ಅಷ್ಟೇ ಬೇಗ ಮುಗಿಯುತ್ತದೆ. ಮತ್ತೆ ಮತ್ತೆ ತುರುಕಬೇಕು, ತುರುಕಿದಾಗಲೆಲ್ಲ ಹೊಗೆ. ನಸುಕಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುತ್ತಾರಂತೆ. "ಬಿಸಲ ಏರೂದ್ರಾಗ ಮುಗಸಬೇಕ್ರಿ. ಇಲ್ಲಂದ್ರ ಮ್ಯಾಲ ತಗಡೂ ಸುಡ್ತೈತಿ, ಮುಂದ ಒಲೀನೂ ಸುಡ್ತೈತಿ" ಅಂದರು.

ಒಂದು ಕಿಟಕಿ ಇತ್ತು. ಗೋಣಿಚೀಲ ತುರುಕಿ ಮುಚ್ಚಿದ್ದರು. "ಯಾಕ ಅಕ್ಕಾ, ಕಿಟಕಿ ಮುಚ್ಚೀರಿ?" ಅಂದೆ. ಕಿಟಕಿಯ ಕೆಳಗೇ ತೆರೆದ ಗಟಾರ ಹರಿಯುತ್ತದೆ. "ತಗದ್ರ ಗಟಾರದ ವಾಸನಿ, ಗುಂಗಾಡು. ಮುಚ್ಚಿದ್ರ ಹೊಗಿ. ಯಾವುದರೇ ಒಂದ್ ಆರಿಸ್ಕೋಬೇಕಲ್ರಿ?" ಅಂದರು. ಮಧ್ಯಾಹ್ನ ಅವರ ಅತ್ತೆ ಮನೆಯಲ್ಲಿ ಇರುವುದಿಲ್ಲ. ಉಂಡವರೇ ಗುಡಿ ಕಟ್ಟೆಗೆ ಹೋಗಿ ಬೇವಿನ ಮರದ ಕೆಳಗೆ ಕೂಡುತ್ತಾರೆ. ಚಿಕ್ಕ ಮಗನಿಗೆ ಆಗಾಗ ದಮ್ಮು, ಕೆಮ್ಮು.

ಬೇರೆ ಮನೆ ನೋಡಬಹುದಲ್ಲ ಎಂದು ಹೊರಗಿನಿಂದ ಬಂದವರು ಸಲೀಸಾಗಿ ಹೇಳಿಬಿಡುತ್ತೇವೆ. ಅವರು ನೋಡಿದ್ದಾರೆ. ಸ್ಲ್ಯಾಬ್ ಮನೆಗೆ ತಿಂಗಳ ಬಾಡಿಗೆ ಈಗಿನದರ ಎರಡರಷ್ಟು. ಅದನ್ನಾದರೂ ಹೇಗೋ ಹೊಂದಿಸಬಹುದು, ಆದರೆ ಡಿಪಾಸಿಟ್ ಹೊಂದಿಸಲಾಗದು. ಒಂದೇ ಸಲ ಹತ್ತು ತಿಂಗಳ ಬಾಡಿಗೆ ಎಣಿಸಿ ಕೊಡುವ ದುಡ್ಡು ದಿನಗೂಲಿ ಮನೆಯಲ್ಲಿ ಇರುವುದಿಲ್ಲ. ಮನೆ ಕಟ್ಟಲು ಬ್ಯಾಂಕು ಸಾಲ ಕೊಡುತ್ತದೆ. ಬಾಡಿಗೆ ಮನೆಯ ಡಿಪಾಸಿಟ್‌ಗೆ ಸಾಲ ಕೊಡುವವರು ಯಾರು? ವಾರವಾರ ಕಂತು ಕೇಳುವ ಸಂಘದವರು, ಇಲ್ಲವೇ ಬಡ್ಡಿಗೆ ಬಿಡುವವರು. ಬಾಡಿಗೆ ದುಬಾರಿ ಎಂದು ನಾವು ಮಾತಾಡುವಾಗ ತಿಂಗಳ ಬಾಡಿಗೆಯನ್ನಷ್ಟೇ ನೋಡುತ್ತೇವೆ. ಕೆಟ್ಟ ಮನೆಯಿಂದ ಒಳ್ಳೆ ಮನೆಗೆ ದಾಟದಂತೆ ಮಾಡುವುದು ಡಿಪಾಸಿಟ್.

ದಾಟಲಾಗದವರು ಉಳಿಸಿದ ಬಾಡಿಗೆ ಎಲ್ಲಿಗೆ ಹೋಗುತ್ತದೆ? ಮೆಡಿಕಲ್ ಶಾಪಿಗೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ದೊಡ್ಡ ಆಪರೇಷನ್ನಿಗೆ ಅದು ನಿಜಕ್ಕೂ ಆಸರೆ. ಆದರೆ ಕೆಟ್ಟ ಮನೆ ತರುವ ರೋಗಗಳು ಮಂಚ ಹಿಡಿಸುವಂಥವಲ್ಲ. ಮಗುವಿನ ಕೆಮ್ಮು, ಜ್ವರ, ತುರಿಕೆ, ಭೇದಿ, ನಿದ್ದೆಯಿಲ್ಲದ ತಲೆನೋವು. ಇವಕ್ಕೆ ಅಡ್ಮಿಟ್ ಆಗುವುದಿಲ್ಲ. ಓಣಿಯ ಡಾಕ್ಟರಿಗೆ ತೋರಿಸಿ, ಇಂಜೆಕ್ಷನ್ ಮಾಡಿಸಿ, ಗುಳಿಗೆ ತಗೊಂಡು, ಒಂದು ದಿನದ ಕೂಲಿ ಬಿಟ್ಟು ಮನೆಗೆ ಬರುತ್ತಾರೆ. ಇನ್ನೂರು, ಮುನ್ನೂರು ಅಂತ ಹೋಗುವ ಈ ದುಡ್ಡು ಯಾವ ಕಾರ್ಡಿಗೂ ಬರುವುದಿಲ್ಲ. ಬಾಡಿಗೆಯ ಜೊತೆ ಇದನ್ನೂ ಕೂಡಿಸಿ ನೋಡಿ, ಅಗ್ಗದ ಮನೆ ಅಗ್ಗವೇ ಅಲ್ಲ.

ದುಡ್ಡು ಕಡಿಮೆ ಬಿದ್ದಾಗ ಬಾಡಿಗೆ ತಪ್ಪಿಸುವಂತಿಲ್ಲ, ಕಂತು ತಪ್ಪಿಸುವಂತಿಲ್ಲ. ಕತ್ತರಿ ಬೀಳುವುದು ತಾಟಿಗೆ. ಹಾಲು, ಮೊಟ್ಟೆ, ಕಾಯಿಪಲ್ಲೆ ಮೊದಲು ಹೋಗುತ್ತವೆ. ಕ್ಷಯರೋಗದ ವಿಷಯದಲ್ಲಿ ಇದು ಎಷ್ಟು ದುಬಾರಿ ಎಂಬುದಕ್ಕೆ ಜಾರ್ಖಂಡ್‌ನಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಸಾಕ್ಷಿ. ರೋಗಿಯ ಮನೆಯವರಿಗೂ ಒಳ್ಳೆ ರೇಷನ್ ಕೊಟ್ಟಾಗ ಅವರಿಗೆ ಕ್ಷಯ ಬರುವುದು ಸುಮಾರು ಶೇ 40ರಷ್ಟು ಕಡಿಮೆಯಾಯಿತು. ಕ್ಷಯ ಹರಡುವುದು ಗಾಳಿಯಿಂದ. ಗಾಳಿಯಾಡದ ಕೋಣೆ, ಒತ್ತೊತ್ತಾಗಿ ಮಲಗುವ ಜನ, ಅರೆಹೊಟ್ಟೆ: ಮೂರೂ ಒಂದೇ ಸೂರಿನಡಿ ಸೇರಿದರೆ ರೋಗಕ್ಕೆ ಇನ್ನೇನು ಬೇಕು? ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಗೆ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಒಳ್ಳೆಯದೇ. ಆದರೆ ಆ ರೋಗಿ ಗುಳಿಗೆ ನುಂಗಿ ಮಲಗುವುದು ಮತ್ತೆ ಅದೇ ಕೋಣೆಯಲ್ಲಿ, ಅದೇ ಮಕ್ಕಳ ಪಕ್ಕದಲ್ಲಿ. ಒಂದು ಕೋಣೆಗೆ ಮೂವರಿಗಿಂತ ಜಾಸ್ತಿ ಜನ ಇದ್ದರೆ ಅದು ಇಕ್ಕಟ್ಟು ಎನ್ನುತ್ತದೆ ವಿಶ್ವಸಂಸ್ಥೆಯ ಅಳತೆ. ಈ ಅಳತೆ ಹಿಡಿದು ಯಾವುದೇ ಬಾಡಿಗೆ ವಠಾರಕ್ಕೆ ಹೋಗಿ ನೋಡಿ.

ಈಗ ಸ್ವಂತ ಮನೆ ಕಟ್ಟಿಕೊಂಡವರ ಕಡೆ ಬರೋಣ. ಅವರೇಕೆ ತಗಡು ಹಾಕುತ್ತಾರೆ? ಉತ್ತರ ಮೇಲಿಲ್ಲ, ಕೆಳಗೆ ನೆಲದಲ್ಲಿದೆ.

ವಿಜಯಪುರ ಜಿಲ್ಲೆಯ ಬಹುಪಾಲು ಎರೆ ಭೂಮಿ. ಬಿಳಿಜೋಳಕ್ಕೆ ಇದರಂಥ ನೆಲ ಇಲ್ಲ. ಮನೆಗೆ ಇದರಂಥ ಶತ್ರುವೂ ಇಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲೆಮೇಲೆ ಪಾಯ ಹಾಕಿದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಸೀಳುತ್ತದೆ. ಹಾಗಾಗಿ ಗರಸು (ಗಟ್ಟಿ ಜಲ್ಲಿಮಣ್ಣು) ಸಿಗುವವರೆಗೆ ಅಗೆಯಬೇಕು, ಕಲ್ಲು ತುಂಬಬೇಕು. ಇತ್ತ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಹಳ್ಳಿ ಮನೆಗೆ ಸಿಗುವುದು 1.20 ಲಕ್ಷ ರೂಪಾಯಿ. 2016ರಲ್ಲಿ ಯೋಜನೆ ಶುರುವಾದಾಗ ನಿಗದಿಯಾದ ಮೊತ್ತ ಅದು. ಅದರ ಜೊತೆಗೆ ಉದ್ಯೋಗ ಖಾತ್ರಿಯ ಒಂದಿಷ್ಟು ಕೂಲಿ, ಶೌಚಾಲಯಕ್ಕೆ 12 ಸಾವಿರ. ಈ ದುಡ್ಡಿನಲ್ಲಿ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿಯ ಮನೆ ಏಳಬೇಕು. ಸಿಮೆಂಟ್, ಕಬ್ಬಿಣ, ಉಸುಕು, ಗೌಂಡಿ ಕೂಲಿ 2016ರಲ್ಲೇ ನಿಂತಿವೆಯಾ?

ಸಹಾಯಧನ ಬರುವುದು ಕಂತಿನಲ್ಲಿ. ಪಾಯ ಆದ ಮೇಲೆ ಒಂದು ಫೋಟೋ, ಒಂದು ಕಂತು. ಲಿಂಟಲ್ ಮಟ್ಟಕ್ಕೆ ಇನ್ನೊಂದು. ಎರೆ ನೆಲದಲ್ಲಿ ಪಾಯವೇ ಅರ್ಧ ದುಡ್ಡು ನುಂಗುತ್ತದೆ. ಕಂತು ತಡವಾದಾಗ ಸಂಘದ ಸಾಲ. ಗೋಡೆ ಎದ್ದು ಚಾವಣಿ ಹೊತ್ತಿಗೆ ಕೈ ಖಾಲಿ. ಆಗ ಗೌಂಡಿ "ಸದ್ಯಕ್ಕ ಪತ್ರಾಸ್ (ತಗಡು) ಹಾಕ್ರಿ, ಮುಂದ ಸ್ಲ್ಯಾಬ್ ಹಾಕಿದ್ರಾತು" ಅನ್ನುತ್ತಾನೆ. ಆ ಸದ್ಯಕ್ಕೆ ಎಂಬುದು ಹತ್ತು ವರ್ಷ ಎಳೆಯುತ್ತದೆ. ಎಲ್ಲ ಕೆಲಸದ ಕೊನೆಗೆ ಬರುವ ಕೆಲಸ ಚಾವಣಿ, ಆದ್ದರಿಂದ ದುಡ್ಡಿನ ಕೊರತೆಯೆಲ್ಲ ಬಂದು ಬೀಳುವುದು ಅದರ ಮೇಲೆ. ಬಿಸಿಲು ಬೀಳುವುದೂ ಅದರ ಮೇಲೇ.

ಮಣ್ಣಿನ ಮನೆಗೆ ವಾಪಸ್ ಹೋಗಿ ಎಂದು ನಾನು ಹೇಳುತ್ತಿಲ್ಲ. ಎ.ಸಿ. ಕೋಣೆಯಲ್ಲಿ ಕೂತು ಮಣ್ಣಿನ ಮನೆ ಹೊಗಳುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಪ್ರತಿ ವರ್ಷ ಜೂನ್‌ನ ಮಿರಗದ (ಮೃಗಶಿರಾ) ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕಬೇಕು. ಅದಕ್ಕೆ ಆಳು ಬೇಕು. ಗುಳೆ ಹೋಗುವ ಮನೆಯಲ್ಲಿ ಆಳೆಲ್ಲಿಂದ ಬರಬೇಕು? ಕಲ್ಲು-ಮಣ್ಣಿನ ಗೋಡೆಯ ಸಂದಿಯಲ್ಲಿ ಚೇಳು, ಹಾವು. ಜಂತಿಗೆ ಗೆದ್ದಲು. 2021ರಿಂದೀಚೆಗೆ ಜಿಲ್ಲೆಯಲ್ಲಿ ಆಗಾಗ ಸಣ್ಣಗೆ ಭೂಮಿ ನಡುಗಿದಾಗ ಹಳೆ ಮನೆಯವರು ಹೊರಗೆ ಓಡಿ ಬಂದು ರಾತ್ರಿ ಕಳೆದಿದ್ದೂ ಇದೆ. ನೆನೆದ ಮಣ್ಣಿನ ಗೋಡೆ ಏನು ಮಾಡಬಲ್ಲದು ಎಂಬುದು ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ 2021ರ ಅಕ್ಟೋಬರ್‌ನಲ್ಲಿ ಕಂಡಿತು. ಮಳೆಗೆ ಗೋಡೆ ಕುಸಿದು ಏಳು ಜನ ಸತ್ತರು. ಜನ ಮಣ್ಣು ಬಿಟ್ಟು ತಗಡಿಗೆ ಬಂದಿದ್ದರೆ ಅದಕ್ಕೆ ಕಾರಣ ಇದೆ. ಜೀವಭಯಕ್ಕೆ ಹೊರಬಂದವರು ಸೆಕೆಯ ಕೈಗೆ ಸಿಕ್ಕಿದ್ದಾರೆ, ಅಷ್ಟೇ.

ಬೆಳಗಾವಿಯಲ್ಲಿ ಈ ಲೆಕ್ಕ ಬೇರೆ ಥರ. ಅಲ್ಲಿ ಮಳೆ ಜಾಸ್ತಿ, ಚಳಿ ಜಾಸ್ತಿ. ಒದ್ದೆ ಗೋಡೆ, ಬೂಷ್ಟು, ಅದರಿಂದ ಅಸ್ತಮಾ. 2025ರ ನವೆಂಬರ್‌ನಲ್ಲಿ ನಗರದ ಅಮನ್ ನಗರದಲ್ಲಿ ಚಳಿಗೆ ಕೋಣೆಯೊಳಗೆ ಇದ್ದಿಲು ಹೊತ್ತಿಸಿ ಮಲಗಿದ ಮೂವರು ಯುವಕರು ಉಸಿರುಗಟ್ಟಿ ತೀರಿಕೊಂಡರು. ಇದ್ದಿಲಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಬಾಗಲಕೋಟೆ ಕಡೆಯ ರಬಕವಿ-ಬನಹಟ್ಟಿಯಲ್ಲಿ ಮನೆಯೊಳಗೇ ವಿದ್ಯುತ್ ಮಗ್ಗ. ಕೂಸು ತೊಟ್ಟಿಲಲ್ಲಿ ಮಲಗಿರುತ್ತದೆ, ಪಕ್ಕದಲ್ಲಿ ಮಗ್ಗ ಕಟಕಟ ಅನ್ನುತ್ತಿರುತ್ತದೆ. ಕಾರ್ಖಾನೆಯಲ್ಲಾದರೆ ಸದ್ದಿಗೆ ಒಂದು ಮಿತಿ ಅಂತ ಇದೆ, ಮನೆಗೆ ಅದೂ ಇಲ್ಲ. ಇನ್ನು ವಿಜಯಪುರದ ತಾಂಡಾಗಳಿಂದ ಕಬ್ಬು ಕಡಿಯಲು ಹೋಗುವ ಗ್ಯಾಂಗಿನವರು ತಿಂಗಳುಗಟ್ಟಲೆ ಹೊಲದ ಬದಿಯಲ್ಲಿ ತಾಡಪತ್ರಿ ಗುಡಿಸಲಲ್ಲೇ ಇರುತ್ತಾರೆ. ಸರ್ಕಾರದ ಪಟ್ಟಿಯಲ್ಲಿ ಅವರ ಮನೆ ಇರುವುದು ತಾಂಡಾದಲ್ಲಿ, ಬೀಗ ಹಾಕಿಕೊಂಡು.

ನೀರಿನದ್ದೂ ಒಂದು ಮಾತು. ನಲ್ಲಿ ದಿನಾ ಬರದ ಓಣಿಯಲ್ಲಿ ಬ್ಯಾರಲ್ ತುಂಬಿಡಲೇಬೇಕು. ಡೆಂಗಿ ಸೊಳ್ಳೆಗೆ ಬೇಕಾದ್ದು ಅಂಥ ನಿಂತ ಶುದ್ಧ ನೀರೇ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನಲ್ಲಿ ವಾರಕ್ಕೊಮ್ಮೆ ಬಂದರೆ ಸೊಳ್ಳೆಯ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಸರಿಹೊಂದುತ್ತದೆ! ಹುಬ್ಬಳ್ಳಿ-ಧಾರವಾಡದಲ್ಲಿ 24 ಗಂಟೆ ನೀರು ಬರುವ ಮತ್ತು ಬಿಟ್ಟುಬಿಟ್ಟು ಬರುವ ವಾರ್ಡುಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು ಇದೆ. ಸಾಮಾನ್ಯ ಭೇದಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಸತತ ನೀರು ಬರುವ ಕಡೆ ಟೈಫಾಯ್ಡ್ ಕಡಿಮೆ, ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ ಇತ್ತು. ಲಾಭ ಸಿಕ್ಕಿದ್ದು ಅದು ಜಾಸ್ತಿ ಬೇಕಿದ್ದವರಿಗೆ.

ಹೊಸ ಮನೆ ಕಟ್ಟಿಕೊಡುವವರೆಗೆ ಕಾಯದೆ ಮಾಡಬಹುದಾದ ಕೆಲಸಗಳು ಇವೆ. ಚಾವಣಿಗೆ ಬಿಳಿ ಬಳಿಯುವುದು ಎಲ್ಲಕ್ಕಿಂತ ಅಗ್ಗ. ಬಿಳಿ ಮೈ ಬಿಸಿಲನ್ನು ವಾಪಸ್ ಎಸೆಯುತ್ತದೆ, ಒಳಗಿನ ಕಾವು ಎರಡರಿಂದ ಐದು ಡಿಗ್ರಿವರೆಗೆ ಇಳಿಯಬಹುದು. ಸ್ಲ್ಯಾಬಿಗೆ ಸುಣ್ಣವೇ ಸಾಕು. ತಗಡಿನ ಮೇಲೆ ಬರೀ ಸುಣ್ಣ ನಿಲ್ಲುವುದಿಲ್ಲ, ಹಕ್ಕಳೆಯಾಗಿ ಉದುರುತ್ತದೆ. ಅದಕ್ಕೆ ಹಿಡಿದುಕೊಳ್ಳುವ ಬಿಳಿ ಬಣ್ಣ ಬೇಕು. ಕೆಲವರು ತಗಡಿನ ಮೇಲೆ ಕಣಿಕೆ (ಜೋಳದ ಒಣ ದಂಟು), ಕಬ್ಬಿನ ರವದಿ (ಒಣ ಗರಿ) ಹಾಸುತ್ತಾರೆ. ತಂಪು ಹೌದು, ಕಿಡಿ ಬಿದ್ದರೆ ಗತಿ ಏನು? ಪಕ್ಕದ ತೆಲಂಗಾಣ 2023ರಲ್ಲೇ ತಂಪು ಚಾವಣಿಗೆ ಅಂತ ನೀತಿಯೊಂದನ್ನು ತಂದಿತು. ಅದಕ್ಕಿಂತ ಬಿಸಿಲು ಕಡಿಮೆ ಎಂದು ಹೇಳಿಕೊಳ್ಳುವ ಹಾಗಿಲ್ಲ ನಮ್ಮ ವಿಜಯಪುರ, ಕಲಬುರಗಿ, ರಾಯಚೂರು.

ತೊಡಕು ಬಣ್ಣದ್ದಲ್ಲ, ಯಾರು ಬಳಿಸಬೇಕು ಎಂಬುದರದ್ದು. ಓನರ್ ಅಲ್ಲಿ ಮಲಗುವುದಿಲ್ಲ, ಅವನಿಗೆ ಸೆಕೆಯಿಲ್ಲ. ಬಾಡಿಗೆದಾರ ಕೈಯಿಂದ ದುಡ್ಡು ಹಾಕಿ ಬಳಿಸಿದರೆ ಮುಂದಿನ ವರ್ಷ "ಮನೆ ಸುಧಾರಿಸೈತಿ" ಅಂತ ಬಾಡಿಗೆ ಏರಿಸಬಹುದು, ಇಲ್ಲವೇ ಖಾಲಿ ಮಾಡಿಸಬಹುದು. ಬಾಯಿಮಾತಿನ ಬಾಡಿಗೆಗೆ ಕರಾರು ಪತ್ರ ಎಲ್ಲಿರುತ್ತದೆ? ಗೃಹಜ್ಯೋತಿಯ 200 ಯೂನಿಟ್ ಉಚಿತ ಕರೆಂಟಿನಲ್ಲೂ ಇಂಥದ್ದೇ ಪೇಚು. ಯೋಜನೆ ಬಾಡಿಗೆದಾರರಿಗೂ ಉಂಟು. ಆದರೆ ವಠಾರದ ಐದು ಮನೆಗೆ ಒಂದೇ ಮೀಟರ್ ಇದ್ದರೆ ಬೇಸಿಗೆಯಲ್ಲಿ 200 ದಾಟುವುದು ಖಂಡಿತ. ದಾಟಿದರೆ ಪೂರ್ತಿ ಬಿಲ್ಲು. ಆಗ ಓನರ್ ಮೊದಲು ಹೇಳುವುದೇ ಹಗಲು ಫ್ಯಾನ್ ಬಂದ್ ಮಾಡಿ ಅಂತ.

ಹಾಗಾಗಿ ಬಣ್ಣದ ಕೆಲಸ ಮಹಾನಗರ ಪಾಲಿಕೆ, ಗ್ರಾಮ ಪಂಚಾಯಿತಿಯೇ ಓಣಿ ಲೆಕ್ಕದಲ್ಲಿ ಮಾಡಬೇಕು. ಚಾವಣಿಗೆ ಬಿಳಿ ಬಳಿಸಿ, ಗಟಾರಕ್ಕೆ ಮುಚ್ಚಳ ಹಾಕಿಸಿದ ಬಾಡಿಗೆ ಮನೆಗೆ ಆಸ್ತಿ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ಕೊಟ್ಟರೆ ಓನರ್‌ಗಳೂ ಮುಂದೆ ಬರುತ್ತಾರೆ. ಯಾವ ಓಣಿ ಮೊದಲು ಎಂದು ಹೇಳಲು ಆಶಾ ಕಾರ್ಯಕರ್ತೆಯರಿಗಿಂತ ಬಲ್ಲವರಿಲ್ಲ. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ ಎಂಬುದು ಅವರಿಗೆ ಬಾಯಿಪಾಠ. ಅವರ ರಿಜಿಸ್ಟರಿನಲ್ಲಿ ಚಾವಣಿ ಯಾವುದು, ತೆಗೆಯಲು ಬರುವ ಕಿಟಕಿ ಎಷ್ಟು ಎಂದು ಎರಡು ಕಾಲಮ್ಮು ಸೇರಿಸಿದರೆ ಪಟ್ಟಿ ತಯಾರು. ಆ ಹೆಚ್ಚಿನ ಕೆಲಸಕ್ಕೆ ಅವರಿಗೆ ಹೆಚ್ಚಿನ ಹಣವನ್ನೂ ಕೊಡಬೇಕು, ಅದನ್ನು ಹೇಳದೆ ಬಿಡುವುದು ಸರಿಯಲ್ಲ. ಬಣ್ಣ ಮಾತ್ರ ಫೆಬ್ರುವರಿ ಮುಗಿಯುವುದರೊಳಗೆ ಚಾವಣಿ ಮೇಲೆ ಬಿದ್ದಿರಬೇಕು. ನಮ್ಮ ಕಚೇರಿಗಳ ರೂಢಿಯಂತೆ ಮಾರ್ಚ್ ಕೊನೆಗೆ ಟೆಂಡರ್ ಕರೆದರೆ, ಕಂಟ್ರಾಕ್ಟರ್ ಏಣಿ ಹಚ್ಚುವಷ್ಟರಲ್ಲಿ ಮಿರಗದ ಮಳೆ ಶುರುವಾಗಿರುತ್ತದೆ.